ಒಂದೇ ಬದಿಯ ಕಿರ್ದಿ: ಸಾಂಕ್ರಾಮಿಕ ರೋಗಗಳ ಕಾನೂನು, ಒಂದು ವಿಮರ್ಶೆ

ಕಾನೂನೂ ಒಂದು ಗ್ರಂಥವೇ. ಶಾಸ್ತ್ರಗ್ರಂಥವನ್ನು ಓದುವಾಗ ಅದು ಏನನ್ನು ವಿಧಿಸಿದೆ ಎಂಬುದನ್ನು ನೋಡುವಷ್ಟೇ ಎಚ್ಚರದಿಂದ, ಏನನ್ನು ಹೇಳದೆ ಬಿಟ್ಟಿದೆ ಎಂಬುದನ್ನೂ ನೋಡಬೇಕಾಗುತ್ತದೆ. ಈ ದೃಷ್ಟಿಯಿಂದ ಪರಾಮರ್ಶೆಗೆ ಯೋಗ್ಯವಾದ ಒಂದು ಚಿಕ್ಕ ಶಾಸನವೆಂದರೆ 1897ರ ಫೆಬ್ರವರಿ 4ರಂದು ಬಂದ ಸಾಂಕ್ರಾಮಿಕ ರೋಗಗಳ ಅಧಿನಿಯಮ. ಮೂಲದಲ್ಲಿ ಅದಕ್ಕಿದ್ದುದು ನಾಲ್ಕೇ ಕಲಮುಗಳು. ಆದರೆ ಪ್ಲೇಗಿನ ಕಾಲದಲ್ಲಿ ಮನೆಗಳ ಬಾಗಿಲು ತೆರೆಸಿದ್ದೂ, 2020ರ ಕೋವಿಡ್ ಕಾಲದಲ್ಲಿ ಸಂತೆ, ಶಾಲೆ, ಬಸದಿಗಳ ಬಾಗಿಲು ಮುಚ್ಚಿಸುವಾಗ ಸರ್ಕಾರಗಳು ಮೊದಲು ಕೈಗೆತ್ತಿಕೊಂಡದ್ದೂ ಇದೇ ನಾಲ್ಕು ಕಲಮುಗಳನ್ನು.

ರೋಗ ಹರಡುವಾಗ ವ್ಯಕ್ತಿಯ ಹಕ್ಕು ದೊಡ್ಡದೋ, ಊರಿನ ಆರೋಗ್ಯ ದೊಡ್ಡದೋ ಎಂದು ಜನ ವಾದಿಸುವುದುಂಟು. ಈ ರೀತಿ ಪ್ರಶ್ನೆಯನ್ನು ಇಡುವುದರಲ್ಲಿಯೇ ದೋಷವಿದೆ. ವ್ಯಾಪಾರಿಯ ಕಿರ್ದಿಯಲ್ಲಿ ಜಮಾ ಮತ್ತು ಖರ್ಚು ಎಂಬ ಎರಡು ಬದಿಗಳಿರುತ್ತವೆ. ಒಂದು ಬದಿಯನ್ನು ಮಾತ್ರ ಬರೆದಿಟ್ಟು ಲೆಕ್ಕ ಸರಿಯಾಗಿದೆ ಎನ್ನುವವನನ್ನು ಯಾವ ಅಡತಿ ಅಂಗಡಿಯವನೂ ನಂಬಲಾರ. ಹಕ್ಕನ್ನು ಮಾತ್ರ ಬರೆಯುವ ನಾಗರಿಕನ ಲೆಕ್ಕವೂ, ಅಧಿಕಾರವನ್ನು ಮಾತ್ರ ಬರೆಯುವ ಶಾಸನದ ಲೆಕ್ಕವೂ ಅಂಥದೇ. 1897ರ ಕಾನೂನಿನ ಮುಖ್ಯ ದೋಷ ಅದರ ಕಾಠಿಣ್ಯವಲ್ಲ, ಅದು ಒಂದೇ ಬದಿಯ ಕಿರ್ದಿಯಾಗಿರುವುದು.

ಶಾಸನದ ಪಾಠ

ಮೊದಲನೆಯ ಕಲಮು ಹೆಸರು ಮತ್ತು ವ್ಯಾಪ್ತಿಯನ್ನು ಹೇಳುತ್ತದೆ. ಎರಡನೆಯದು, ಇರುವ ಕಾನೂನುಗಳು ಸಾಲವೆಂದು ಸರ್ಕಾರಕ್ಕೆ ತೋರಿದಾಗ ಯಾವ ಕ್ರಮವನ್ನಾದರೂ ಕೈಕೊಳ್ಳುವ, ಯಾವ ನಿಯಮವನ್ನಾದರೂ ಮಾಡುವ ಅಧಿಕಾರವನ್ನು ಕೊಡುತ್ತದೆ. ರೈಲಿನಲ್ಲಿ ಅಥವಾ ಬೇರೆ ಮಾರ್ಗದಲ್ಲಿ ಪ್ರಯಾಣ ಮಾಡುವವರನ್ನು ತಪಾಸಣೆ ಮಾಡುವುದು, ರೋಗ ತಗುಲಿದೆಯೆಂದು ತಪಾಸಣಾಧಿಕಾರಿಗೆ ಸಂಶಯ ಬಂದವರನ್ನು ಬೇರ್ಪಡಿಸಿ ಇಡುವುದು ಇದರಲ್ಲಿ ಸೇರಿವೆ. ಮೂರನೆಯ ಕಲಮಿನಂತೆ ಆಜ್ಞೆಯನ್ನು ಮೀರಿದವನು ಭಾರತೀಯ ದಂಡ ಸಂಹಿತೆಯ 188ನೆಯ ಕಲಮಿನ ಅಪರಾಧಿ. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನಾಲ್ಕನೆಯ ಕಲಮಿನಂತೆ, ಸದ್ಭಾವನೆಯಿಂದ ಕೆಲಸ ಮಾಡಿದ ಯಾರ ಮೇಲೂ ದಾವೆ ಹೂಡುವಂತಿಲ್ಲ.

ಇದರಲ್ಲಿ ಎರಡು ಮಾತುಗಳು ಮನನೀಯವಾಗಿವೆ. ಒಂದು, 'ಸಂಶಯ'. ಮನುಷ್ಯನನ್ನು ಮನೆಯಿಂದ ಬೇರ್ಪಡಿಸಲು ಒಬ್ಬ ಅಧಿಕಾರಿಯ ಸಂಶಯವೇ ಸಾಕು. ಸಂಶಯಕ್ಕೆ ಆಧಾರವೇನಿರಬೇಕು, ಅದು ಸುಳ್ಳಾದರೆ ಯಾರಿಗೆ ಹೇಳಿಕೊಳ್ಳಬೇಕು, ಎಷ್ಟು ದಿನ ಇಡಬಹುದು ಎಂಬುದರ ಬಗ್ಗೆ ಶಾಸನ ಮೌನವಾಗಿದೆ. ಇನ್ನೊಂದು, 'ಪರಿಹಾರವೇನಾದರೂ ಇದ್ದಲ್ಲಿ' ಎಂಬ ಅರ್ಥದ ಮಾತು. ವೆಚ್ಚವನ್ನು ಯಾರು ಭರಿಸಬೇಕೆಂದು ಹೇಳುವಾಗ ಪರಿಹಾರದ ವಿಷಯ ಆವರಣದೊಳಗೆ, ಸಂದೇಹದ ಧ್ವನಿಯಲ್ಲಿ ಬಂದು ಹೋಗುತ್ತದೆ. ದಂಡನೆ ನಿಶ್ಚಿತ, ರಕ್ಷಣೆ ಅಧಿಕಾರಿಗೆ ನಿಶ್ಚಿತ, ಪರಿಹಾರ ಮಾತ್ರ ಅನಿಶ್ಚಿತ. ಶಾಸನದ ಸ್ವಭಾವವನ್ನು ತಿಳಿಯಲು ಇಷ್ಟು ಸಾಕು.

ಧಾರವಾಡ ಸೀಮೆಯ ಅನುಭವ

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಗುರುತಿಸಲ್ಪಟ್ಟ ಪ್ಲೇಗು ಧಾರವಾಡ ಸೀಮೆಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಹಿರೇಕೆರೂರು, ಹಾನಗಲ್ಲ, ಶಿಗ್ಗಾಂವಿಗಳು 1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೂ ಧಾರವಾಡ ಜಿಲ್ಲೆಗೇ ಸೇರಿದ್ದವು. ಪ್ಲೇಗಿನ ಕಾಲಕ್ಕೆ ಹಿರೇಕೆರೂರು ಕೋಡ ತಾಲ್ಲೂಕಿನ ಮುಖ್ಯಸ್ಥಳ, ಆಡಳಿತ ಮುಂಬಯಿ ಪ್ರಾಂತದ್ದು. ಆದುದರಿಂದ ಮುಂಬಯಿಯಿಂದ ಹೊರಟ ಪ್ಲೇಗು ನಿಯಮಗಳು ಈ ಭಾಗಕ್ಕೂ ಅನ್ವಯಿಸುತ್ತಿದ್ದವು.

ಆ ನಿಯಮಗಳ ಅತಿರೇಕ ಪುಣೆಯಲ್ಲಿ ಪ್ರಕಟವಾಯಿತು. ಸೈನಿಕರು ಮನೆಮನೆ ಹೊಕ್ಕು ಶೋಧಿಸಿದರು, ಹೆಂಗಸರನ್ನು ತಪಾಸಣೆಗೆ ಒಳಪಡಿಸಿದರು, ಸಾಮಾನುಗಳನ್ನು ಸುಟ್ಟರು. 1897ರ ಜೂನ್ 22ರ ರಾತ್ರಿ ಪ್ಲೇಗು ಸಮಿತಿಯ ಮುಖ್ಯಸ್ಥ ರ‍್ಯಾಂಡನ ಮೇಲೆ ಗುಂಡು ಹಾರಿತು. ಚಾಪೇಕರ ಸಹೋದರರು ನೇಣಿಗೇರಿದರು. ಮರುವರ್ಷ ಮೈಸೂರು ಸಂಸ್ಥಾನದಲ್ಲಿಯೂ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಪ್ಲೇಗು ನಿಯಮಗಳ ವಿರುದ್ಧ ಗಲಭೆಯಾಯಿತು. ಹಿಂಸೆಯನ್ನು ಯಾವ ಕಾರಣದಿಂದಲೂ ಸಮರ್ಥಿಸಲಾಗದು. ಆದರೆ ಮನವಿಗೆ ಬಾಗಿಲಿಲ್ಲದ ಆಡಳಿತ ಜನರ ಸಿಟ್ಟಿಗೆ ದಾರಿ ಮಾಡಿಕೊಡುತ್ತದೆ ಎಂಬುದನ್ನು ಮರೆಯಬಾರದು.

ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆ ಎಂಬುದನ್ನು ಪಾಲ್ ಲೂಯಿ ಸೀಮೊಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ್ದು 1898ರಲ್ಲಿ. ಅದು ಎಲ್ಲರಿಗೂ ಒಪ್ಪಿಗೆಯಾಗಲು ಮತ್ತೆ ಕೆಲವು ವರ್ಷಗಳು ಬೇಕಾದವು. ಎಂದರೆ, 1897ರಲ್ಲಿ ನೆಲ ತೊಳೆಸಿ, ಹಾಸಿಗೆ ಸುಡಿಸಿ, ರೋಗಿಯ ಬಂಧುಗಳನ್ನು ಬೇಲಿಯೊಳಗೆ ಕೂಡಿಟ್ಟ ಅಧಿಕಾರಿಗೆ ರೋಗದ ಮೂಲವೇ ಗೊತ್ತಿರಲಿಲ್ಲ. ಇತ್ತ ಹಳ್ಳಿಯ ಜನ 'ಇಲಿ ಬಿದ್ದಿತು' ಎಂದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಯಾವ ಶಾಸ್ತ್ರವನ್ನೂ ಓದದೆ ಅವರು ಮಾಡಿದ ಈ ಕೆಲಸ ರೋಗದ ನಿಜವಾದ ಕಾರಣಕ್ಕೆ ಹೊಂದಿಕೊಂಡಿತ್ತು. ಅಲ್ಪಜ್ಞಾನದ ಕಾಲದಲ್ಲಿ ನಿಯಮ ವಿನಯದಿಂದಿರಬೇಕು. ತನ್ನ ತಿಳುವಳಿಕೆ ತಪ್ಪಾಗಿರಬಹುದೆಂಬ ಎಚ್ಚರ ಅದರಲ್ಲಿಯೇ ಅಡಕವಾಗಿರಬೇಕು. ಅನೇಕಾಂತವನ್ನು ಬಾಯಿಪಾಠ ಹೇಳುವ ಸಮಾಜಕ್ಕೆ ಈ ಮಾತು ಹೊಸದಲ್ಲ.

ಆ ಕಾಲದ ವರ್ತಕ ಸಮುದಾಯದ ಲೆಕ್ಕವನ್ನೂ ನೋಡದೆ ಇರಲಾಗದು. ಇಲಿ ಧಾನ್ಯವನ್ನು ಹಿಂಬಾಲಿಸುತ್ತದೆ. ರೋಗ ಊರಿಂದ ಊರಿಗೆ ಹೋದದ್ದು ಪ್ರಯಾಣಿಕರೊಂದಿಗೆ ಮಾತ್ರವಲ್ಲ, ಕಾಳಿನ ಚೀಲಗಳೊಂದಿಗೂ ಹೌದು. ಉಗ್ರಾಣದಲ್ಲಿ ಇಲಿ ಸತ್ತದ್ದನ್ನು ಮುಚ್ಚಿಟ್ಟು ಚೀಲ ಸಾಗಿಸಿದವನು 'ಮಾಲು ನನ್ನದು, ಮಾರುವ ಹಕ್ಕು ನನ್ನದು' ಎಂದರೆ ಅದು ಸ್ವಾತಂತ್ರ್ಯವಾಗುವುದಿಲ್ಲ. ಅದು ಪ್ರಮಾದ. ಪ್ರಮಾದವೇ ಹಿಂಸೆಯ ಮೂಲವೆಂಬುದು ಜೈನ ಆಚಾರದ ಮೊದಲ ಪಾಠ. ಇಲಿಯನ್ನು ಕೊಲ್ಲುವ ಕಾರ್ಯಕ್ರಮಕ್ಕೆ ಮನಸ್ಸು ಒಗ್ಗದವನು ಹಗೇವು, ಉಗ್ರಾಣಗಳಿಗೆ ಇಲಿಯೇ ಬಾರದಂತೆ ಶುಚಿಯಾಗಿಡುವ ಹೊಣೆಯನ್ನು ಇಮ್ಮಡಿಯಾಗಿ ಹೊರಬೇಕಾಗುತ್ತದೆ.

ಸೂಜಿ ಮತ್ತು ಪ್ರಮಾಣಪತ್ರ

ಹಾಫ್ಕಿನ್ ಎಂಬ ವಿಜ್ಞಾನಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ತನ್ನ ಔಷಧದ ಅಪಾಯವನ್ನು ತಾನೇ ಮೊದಲು ಹೊತ್ತ ಈ ನಡತೆ ನಿಯಮ ಮಾಡುವವರೆಲ್ಲರಿಗೂ ಮೇಲ್ಪಂಕ್ತಿಯಾಗಬೇಕು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಭೀಕರವಾಗಿದ್ದಾಗ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಕೈಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಈ ಲಸಿಕೆಯನ್ನು ಪಡೆದರು. ಲಸಿಕೆ ಚುಚ್ಚಿಸಿಕೊಂಡವರಿಗೆ ಪ್ರಮಾಣಪತ್ರ ಕೊಟ್ಟು ಕೆಲವು ನಿರ್ಬಂಧಗಳಿಂದ ವಿನಾಯಿತಿ ಕೊಡುವ ಪದ್ಧತಿಯೂ ಆಗಲೇ ಮುಂಬಯಿ ಪ್ರಾಂತದಲ್ಲಿತ್ತು. 2021ರ ಡಿಸೆಂಬರಿನಲ್ಲಿ ಕರ್ನಾಟಕದ ಮಾಲ್ ಮತ್ತು ಚಿತ್ರಮಂದಿರಗಳ ಬಾಗಿಲಲ್ಲಿ ಎರಡು ಡೋಸಿನ ಪ್ರಮಾಣಪತ್ರ ಕೇಳಿದ್ದು ಅಪೂರ್ವವೆಂದು ಭಾವಿಸಿದವರು ಈ ಹಳೆಯ ಸಂಗತಿಯನ್ನು ಗಮನಿಸಬೇಕು.

ಆ ಲಸಿಕೆಯ ರೋಗಾಣುಗಳನ್ನು ಮೊದಮೊದಲು ಬೆಳೆಸಿದ್ದು ಆಡಿನ ಮಾಂಸದಿಂದ ತಯಾರಿಸಿದ ಸಾರಿನಲ್ಲಿ. ಅಹಿಂಸಾವ್ರತವನ್ನು ಹಿಡಿದ ಶ್ರಾವಕನಿಗೆ ಇದು ಹುಡುಗಾಟದ ಪ್ರಶ್ನೆಯಲ್ಲ. ಅವನು ಅದನ್ನು ನಿರಾಕರಿಸಬಹುದೆ? ನಿರಾಕರಿಸಬಹುದು. ಮೈಗೆ ಸೂಜಿ ಚುಚ್ಚುವ ಮುನ್ನ ಮನಸ್ಸಿನ ಒಪ್ಪಿಗೆ ಬೇಕು. ಆದರೆ ಮಾಂಸದ ಸಾರಿನಲ್ಲಿ ಹಿಂಸೆಯನ್ನು ಕಂಡವನು ತನ್ನಿಂದ ರೋಗ ತಗುಲಿ ಸಾಯಬಹುದಾದ ನೆರೆಯ ಮಗುವಿನಲ್ಲಿಯೂ ಹಿಂಸೆಯನ್ನು ಕಾಣಬೇಕಲ್ಲವೆ? ನಿರಾಕರಿಸುವ ಹಕ್ಕು ಅವನದು. ನಿರಾಕರಣೆಯ ವೆಚ್ಚವನ್ನು ನೆರೆಯವನ ಖಾತೆಗೆ ಬರೆಯುವ ಹಕ್ಕು ಅವನದಲ್ಲ. ರೋಗ ಊರಲ್ಲಿರುವವರೆಗೆ ಅವನು ಸ್ವಇಚ್ಛೆಯಿಂದ ಮನೆಯಲ್ಲಿ ಉಳಿಯಬೇಕು, ಸಭೆ ಸಂತೆಗಳನ್ನು ಬಿಡಬೇಕು. ಹಾಗೆ ಬಿಡಲು ಸಿದ್ಧನಿಲ್ಲದವನ ನಿರಾಕರಣೆಯನ್ನು ವ್ರತವೆನ್ನುವುದು ಹೇಗೆ?

ಆಡಳಿತದ ಬದಿಗೂ ಒಂದು ನಮೂದು ಇದೆ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ ಹತ್ತೊಂಬತ್ತು ಜನ ಧನುರ್ವಾಯುವಿನಿಂದ ಸತ್ತರು. ದೋಷವನ್ನು ಹಾಫ್ಕಿನ್ ಮೇಲೆ ಹೊರಿಸಲಾಯಿತು. ಅವನು ನಿರ್ದೋಷಿಯೆಂದು ಸ್ಥಿರಪಟ್ಟದ್ದು 1907ರಲ್ಲಿ. ಆದರೆ 1897ರ ಶಾಸನದಲ್ಲಿ ಆ ಹತ್ತೊಂಬತ್ತು ಮನೆಗಳಿಗಾಗಿ ಬರೆದ ಕಲಮು ಒಂದೂ ಇರಲಿಲ್ಲ.

ಮತ್ತೆ ಅದೇ ಪುಟ

2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರ ಮರಣ ದೇಶದ ಮೊದಲ ಕೋವಿಡ್ ಸಾವೆಂದು ದಾಖಲಾಯಿತು. ಮಾರ್ಚ್ 24ರ ನಡುರಾತ್ರಿಯಿಂದ ಇಡೀ ದೇಶ ಮುಚ್ಚಿತು. ರೋಗದ ಸ್ವರೂಪ ಗೊತ್ತಿಲ್ಲದ ಆ ದಿನಗಳಲ್ಲಿ ಜನಸಂದಣಿಯನ್ನು ತಡೆದದ್ದು ಅಗತ್ಯವೇ ಆಗಿತ್ತು. ಪರೀಕ್ಷೆಗೆ ಬಂದ ಆರೋಗ್ಯ ಕಾರ್ಯಕರ್ತರನ್ನು ಕೆಲವೆಡೆ ಅಡ್ಡಗಟ್ಟಿದ್ದು, ಹೊಡೆದದ್ದು ಅಕ್ಷಮ್ಯ. ಅವರ ರಕ್ಷಣೆಗಾಗಿ 2020ರ ಏಪ್ರಿಲಿನಲ್ಲಿ ಕೇಂದ್ರವು ಹಳೆಯ ಶಾಸನಕ್ಕೆ ತಿದ್ದುಪಡಿ ತಂದದ್ದು ನ್ಯಾಯವಾದುದು.

ಆದರೂ ಕೆಲವು ನಮೂದುಗಳನ್ನು ಇನ್ನೊಂದು ಬದಿಯಲ್ಲಿ ಬರೆಯಲೇಬೇಕು. ವಿದೇಶದಿಂದ ಬಂದವರ ಕೈಗೆ ಅಳಿಸದ ಶಾಯಿಯ ಮುದ್ರೆ ಒತ್ತಿದ್ದು ಸರಿಯೆನ್ನಬಹುದು. ಆದರೆ ಮನೆಯಲ್ಲಿ ಪ್ರತ್ಯೇಕವಾಸದಲ್ಲಿದ್ದವರ ವಿಳಾಸಗಳ ಪಟ್ಟಿಯನ್ನೇ ಕರ್ನಾಟಕ ಸರ್ಕಾರ ಪ್ರಕಟಿಸಿತು. ರೋಗದ ತಡೆಗೆ ಬೇಕಾಗಿದ್ದುದು ವೈದ್ಯಾಧಿಕಾರಿಗೆ ವಿಳಾಸ ತಿಳಿದಿರುವುದು, ಊರಿಗೆಲ್ಲ ತಿಳಿಯುವುದಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಏಕಮತದಿಂದ ಸಾರಿದ್ದರು. ಆ ಮೊಕದ್ದಮೆಯ ಅರ್ಜಿದಾರರಾದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳು. ಮೂರು ವರ್ಷ ತುಂಬುವುದರೊಳಗೆ ಅವರದೇ ನಾಡಿನಲ್ಲಿ ಆ ಮಾತು ಮರೆತುಹೋಯಿತು.

ಕಾಸರಗೋಡಿನ ಸಂಗತಿ ಇನ್ನೂ ಕಠಿಣವಾದುದು. ಅಲ್ಲಿಯ ಜನ ತಲೆಮಾರುಗಳಿಂದ ಚಿಕಿತ್ಸೆಗಾಗಿ ಮಂಗಳೂರಿಗೆ ಬರುವವರು. 2020ರ ಮಾರ್ಚಿನಲ್ಲಿ ಕರ್ನಾಟಕವು ತಲಪಾಡಿಯ ಗಡಿಯನ್ನು ಮುಚ್ಚಿ, ಬೇರೆ ಸಂಪರ್ಕ ರಸ್ತೆಗಳಿಗೆ ಮಣ್ಣು ಸುರಿಯಿತು. ಕೋವಿಡ್ ಅಲ್ಲದ ಕಾಯಿಲೆಗಳ ರೋಗಿಗಳೂ ಆಸ್ಪತ್ರೆಯನ್ನು ಸೇರಲಾಗದೆ ಪ್ರಾಣ ಬಿಟ್ಟರು. ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯವು ತಡೆಯನ್ನು ತೆಗೆಯುವಂತೆ ಆದೇಶಿಸಿತು. ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಮೇಲೆ ತುರ್ತು ರೋಗಿಗಳನ್ನು ಬಿಡುವ ವ್ಯವಸ್ಥೆಯಾಯಿತು. ಪ್ರಾಣ ಉಳಿಸಲು ಮಾಡಿದ ನಿಯಮ ಪ್ರಾಣ ತೆಗೆಯತೊಡಗಿದರೆ ಅದನ್ನು ಅಲ್ಲಿಯೇ ನಿಲ್ಲಿಸುವ ಕೀಲು ನಿಯಮದಲ್ಲಿಯೇ ಇರಬೇಕಿತ್ತು. ಅದಿಲ್ಲದುದರಿಂದ ನ್ಯಾಯಾಲಯದ ದಾರಿ ಕಾಯಬೇಕಾಯಿತು. ರೋಗಿಗೆ ಅಷ್ಟು ಸಮಯವಿರಲಿಲ್ಲ.

ಆ ವರ್ಷದ ಮೇ ಮೊದಲ ವಾರದಲ್ಲಿ, ಊರಿಗೆ ಹೊರಟಿದ್ದ ವಲಸೆ ಕಾರ್ಮಿಕರ ರೈಲುಗಳನ್ನು ರಾಜ್ಯ ಸರ್ಕಾರ ರದ್ದುಗೊಳಿಸಿತು. ಅದಕ್ಕೆ ಮುನ್ನ ಕಟ್ಟಡ ಉದ್ಯಮಿಗಳೊಡನೆ ಸಭೆ ನಡೆದಿತ್ತು. ಟೀಕೆ ಬಂದ ಮೇಲೆ ಒಂದೆರಡು ದಿನಗಳಲ್ಲಿ ನಿರ್ಧಾರ ಬದಲಾಯಿತು. ಆದರೆ ರೋಗದ ಹೆಸರಿನಲ್ಲಿ ದೊರೆತ ಅಧಿಕಾರ ಎಷ್ಟು ಸುಲಭವಾಗಿ ಲಾಭದ ಕೆಲಸಕ್ಕೆ ತಿರುಗಬಲ್ಲದು ಎಂಬುದಕ್ಕೆ ಇದು ಉದಾಹರಣೆಯಾಗಿ ಉಳಿದಿದೆ. ಉದ್ದಿಮೆ ವ್ಯಾಪಾರಗಳಲ್ಲಿ ತೊಡಗಿರುವ ಸಮಾಜ ಇದನ್ನು ಓದಿ ತಲೆ ತಗ್ಗಿಸಬೇಕಾಗುತ್ತದೆ.

ರಾಜ್ಯದ ಬೇರೆಬೇರೆ ಭಾಗಗಳ ಕಾನೂನುಗಳನ್ನು ಒಟ್ಟುಗೂಡಿಸಿ 2020ರಲ್ಲಿಯೇ ಕರ್ನಾಟಕ ಸಾಂಕ್ರಾಮಿಕ ರೋಗಗಳ ಅಧಿನಿಯಮ ಬಂದಿತು. ಅಧಿಕಾರಗಳನ್ನು ಅದು ವಿವರವಾಗಿ ಬರೆಯಿತು, ದಂಡನೆಯನ್ನು ಹೆಚ್ಚಿಸಿತು, ಸದ್ಭಾವನೆಯ ರಕ್ಷಣೆಯನ್ನು ಉಳಿಸಿಕೊಂಡಿತು. ಪುಟಗಳು ಹೆಚ್ಚಿದವು, ಬದಿ ಮಾತ್ರ ಒಂದೇ ಉಳಿಯಿತು.

ಹಕ್ಕಿನ ಬದಿಯ ವಿಮರ್ಶೆ

ಹಕ್ಕಿನ ವಾದವನ್ನೂ ಇಷ್ಟೇ ನಿಷ್ಠುರವಾಗಿ ಪರೀಕ್ಷಿಸಬೇಕು. 2020ರ ಆಗಸ್ಟಿನಲ್ಲಿ ಪರ್ಯೂಷಣ ಪರ್ವದ ಕೊನೆಯ ಎರಡು ದಿನಗಳಿಗೆ ಮುಂಬಯಿಯ ದಾದರ, ಭಾಯಖಳಾ, ಚೆಂಬೂರಿನ ಮೂರು ಜೈನ ಮಂದಿರಗಳನ್ನು ತೆರೆಯಲು ಸರ್ವೋಚ್ಚ ನ್ಯಾಯಾಲಯ ಅನುಮತಿ ನೀಡಿತು. ಹಣ ಬರುವ ವ್ಯವಹಾರಗಳಿಗೆಲ್ಲ ಅವಕಾಶ ಕೊಟ್ಟು ಧರ್ಮಕಾರ್ಯಕ್ಕೆ ಮಾತ್ರ ರೋಗದ ನೆಪ ಹೇಳುವುದು ವಿಚಿತ್ರವೆಂಬ ಅರ್ಥದಲ್ಲಿ ಮುಖ್ಯ ನ್ಯಾಯಮೂರ್ತಿ ಬೋಬಡೆಯವರು ನುಡಿದರು. ಅನೇಕರು ಇದನ್ನು ಸಮಾಜದ ವಿಜಯವೆಂದು ಸಂಭ್ರಮಿಸಿದರು. ಆ ಆದೇಶದ ನಿಜವಾದ ಸಾರ ಬೇರೆಯಿದೆ. ಅನುಮತಿ ದೊರೆತದ್ದು ಮೂರೇ ಮಂದಿರಗಳಿಗೆ, ಎರಡೇ ದಿನಕ್ಕೆ, ಆರೋಗ್ಯ ನಿಯಮಗಳನ್ನು ಪಾಲಿಸುವ ಮಾತಿನ ಮೇಲೆ. ನ್ಯಾಯಾಲಯ ಕೇಳಿದ್ದು ಸಮಾನತೆಯನ್ನು: ಅಂಗಡಿಗೆ ಒಂದು ಅಳತೆ, ಮಂದಿರಕ್ಕೆ ಇನ್ನೊಂದು ಅಳತೆ ಬೇಡ. ಮಂದಿರಕ್ಕೆ ಅಳತೆಯೇ ಬೇಡವೆಂದು ಅದು ಹೇಳಲಿಲ್ಲ.

2022ರ ಮೇ 2ರಂದು ಜೇಕಬ್ ಪುಲಿಯೆಲ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಯಾರನ್ನೂ ಬಲಾತ್ಕಾರದಿಂದ ಲಸಿಕೆಗೆ ಒಳಪಡಿಸುವಂತಿಲ್ಲ ಎಂದು ತೀರ್ಪಿತ್ತಿತು. ಜನಾರೋಗ್ಯದ ದೃಷ್ಟಿಯಿಂದ ವ್ಯಕ್ತಿಯ ಹಕ್ಕುಗಳಿಗೆ ಮಿತಿ ಹಾಕಬಹುದು, ಆದರೆ ಆ ಮಿತಿ ಅಪಾಯಕ್ಕೆ ತಕ್ಕ ಪ್ರಮಾಣದಲ್ಲಿರಬೇಕು ಎಂದಿತು. ಲಸಿಕೆ ಪಡೆಯದವರಿಂದ ಹೆಚ್ಚು ಸೋಂಕು ಹರಡುತ್ತದೆ ಎಂಬುದಕ್ಕೆ ಆಗ ಆಧಾರವನ್ನು ಮುಂದಿಡದ ಕಾರಣ ಅಂಥ ನಿರ್ಬಂಧಗಳನ್ನು ಮರುಪರಿಶೀಲಿಸುವಂತೆ ಸೂಚಿಸಿತು. ಲಸಿಕೆಯ ದುಷ್ಪರಿಣಾಮಗಳ ವಿವರಗಳನ್ನು ಜನರ ಮುಂದಿಡಬೇಕೆಂದೂ ಹೇಳಿತು. 1897ರ ಶಾಸನ ಬರೆಯದೆ ಬಿಟ್ಟ ಬದಿಯನ್ನು ನೂರ ಇಪ್ಪತ್ತೈದು ವರ್ಷಗಳ ತರುವಾಯ ನ್ಯಾಯಾಲಯ ಬರೆಯತೊಡಗಿತು ಎನ್ನಬಹುದು.

ವ್ರತದ ಅಳತೆಗೋಲು

ಸ್ವಾತಂತ್ರ್ಯಕ್ಕೆ ಮಿತಿ ಹಾಕುವುದು ಜೈನ ಗೃಹಸ್ಥನಿಗೆ ಅಪರಿಚಿತವಲ್ಲ. ಇಂಥ ದಿಕ್ಕಿಗೆ ಇಷ್ಟೇ ದೂರ ಎಂದು ದಿಗ್ವ್ರತದಲ್ಲಿ ಜೀವನಪರ್ಯಂತದ ಮೇರೆ ಹಾಕಿಕೊಳ್ಳುತ್ತಾನೆ. ಅದರೊಳಗೇ ನಿಯತಕಾಲಕ್ಕೆ ಇನ್ನೂ ಚಿಕ್ಕ ಮೇರೆಯನ್ನು ದೇಶವ್ರತದಲ್ಲಿ ಸ್ವೀಕರಿಸುತ್ತಾನೆ. ಮುನಿಗಳು ಚಾತುರ್ಮಾಸದಲ್ಲಿ ವಿಹಾರವನ್ನೇ ನಿಲ್ಲಿಸುತ್ತಾರೆ. ಮಳೆಗಾಲದಲ್ಲಿ ನೆಲದ ಮೇಲೆ ಹೆಚ್ಚುವ ಸೂಕ್ಷ್ಮಜೀವಿಗಳಿಗೆ ತಮ್ಮ ಹೆಜ್ಜೆಯಿಂದ ಬಾಧೆಯಾಗಬಾರದು ಎಂಬುದೇ ಅದಕ್ಕೆ ಕಾರಣ. ಕಣ್ಣಿಗೆ ಕಾಣದ ಜೀವದ ಸಲುವಾಗಿ ನಾಲ್ಕು ತಿಂಗಳು ಒಂದೇ ಊರಲ್ಲಿ ನಿಲ್ಲುವ ಪರಂಪರೆಯವರು, ಕಣ್ಣೆದುರಿನ ನೆರೆಯವನ ಸಲುವಾಗಿ ಹದಿನಾಲ್ಕು ದಿನ ಮನೆಯಲ್ಲಿರುವುದು ಬಂಧನವೆಂದು ದೂರುವುದು ಶೋಭಿಸದು.

ಆದರೆ ವ್ರತದಲ್ಲಿ ಮಿತಿ ಮಾತ್ರವಲ್ಲ, ಬೇರೆ ಅಂಗಗಳೂ ಇವೆ. ಅದಕ್ಕೆ ಕಾರಣವನ್ನು ಹೇಳಿರುತ್ತದೆ. ಮೇರೆ ಸ್ಪಷ್ಟವಾಗಿರುತ್ತದೆ. ಅವಧಿ ಗೊತ್ತಿರುತ್ತದೆ. ಯಾವುದು ಅತಿಚಾರ ಎಂಬುದನ್ನು ಮೊದಲೇ ಎಣಿಸಿಟ್ಟಿರುತ್ತದೆ. ತಪ್ಪಿದರೆ ಪ್ರಾಯಶ್ಚಿತ್ತವೂ ಉಂಟು. ಮಿಗಿಲಾಗಿ, ಉಪದೇಶಿಸುವ ಮುನಿ ಕೇಳುವ ಶ್ರಾವಕನಿಗಿಂತ ಕಠಿಣವಾದ ವ್ರತವನ್ನು ತಾನು ಪಾಲಿಸುತ್ತಿರುತ್ತಾನೆ. ಈ ಅಳತೆಗೋಲನ್ನು 1897ರ ಶಾಸನಕ್ಕೆ ಹಿಡಿದರೆ ಮಿತಿಯೊಂದೇ ಸಿಗುತ್ತದೆ. ಕಾರಣ ಹೇಳುವ ಹೊಣೆ, ಅವಧಿ, ಅಧಿಕಾರಿಯ ಅತಿಚಾರ, ಅದಕ್ಕೆ ಪ್ರಾಯಶ್ಚಿತ್ತ ಯಾವುದೂ ಸಿಗುವುದಿಲ್ಲ.

ನಿಯಮ ಎಲ್ಲರಿಗೂ ಸಮನಾಗಿ ಅನ್ವಯಿಸಿದರೆ ಜನ ಪಾಲಿಸುತ್ತಾರೆ ಎಂಬುದಕ್ಕೆ ಸೂರತ್ ನಿದರ್ಶನ. 1994ರ ಸೆಪ್ಟೆಂಬರಿನ ಪ್ಲೇಗಿನ ಸುದ್ದಿಗೆ ಲಕ್ಷಾಂತರ ಜನ ಆ ನಗರದಿಂದ ಓಡಿದರು. 1995ರಲ್ಲಿ ಬಂದ ಪೌರಾಯುಕ್ತ ಎಸ್.ಆರ್. ರಾವ್ ಅವರು ಅಧಿಕಾರಿಗಳನ್ನು ದಿನವೂ ಬೀದಿಗಿಳಿಸಿದರು. ಕಸದ ದಂಡ, ಅಕ್ರಮ ಕಟ್ಟಡಗಳ ತೆರವು ಎರಡರಲ್ಲಿಯೂ ಸಿರಿವಂತರಿಗೆ ವಿನಾಯಿತಿ ಕೊಡಲಿಲ್ಲ. ಎರಡು ವರ್ಷ ಕಳೆಯುವುದರೊಳಗೆ ಸೂರತ್ ದೇಶದ ಶುಚಿಯಾದ ನಗರಗಳ ಸಾಲಿಗೆ ಬಂದಿತು.

ಟ್ರಸ್ಟುಗಳ ಕರ್ತವ್ಯ

ಮುಂದಿನ ಸಾಂಕ್ರಾಮಿಕ ಯಾವಾಗ ಬರುವುದೋ ತಿಳಿಯದು. ಶಾಸನವನ್ನು ತಿದ್ದುವುದು ವಿಧಾನಸಭೆಯ ಕೆಲಸ. ಆದರೆ ಪ್ರತಿಯೊಂದು ಬಸದಿಯ ಟ್ರಸ್ಟೂ ತನ್ನ ಆವರಣದ ಮಟ್ಟಿಗೆ ಒಂದು ಚಿಕ್ಕ ಸರ್ಕಾರವೇ. ಅದು ಈಗಲೇ ಒಂದು ಠರಾವನ್ನು ಮಾಡಿಟ್ಟುಕೊಳ್ಳಬಹುದು. ಬಾಗಿಲು ಮುಚ್ಚುವ ಪ್ರಸಂಗ ಬಂದರೆ ಕಾರಣವನ್ನೂ ಮರುಪರಿಶೀಲನೆಯ ತಾರೀಖನ್ನೂ ಫಲಕದ ಮೇಲೆ ಬರೆಯಬೇಕು. ಟ್ರಸ್ಟಿಗೂ ದೊಡ್ಡ ದಾನಿಗೂ ಹಿಂಬಾಗಿಲ ದರ್ಶನ ಇರಕೂಡದು. ಮನೆಯಲ್ಲಿ ಪ್ರತ್ಯೇಕವಾಗಿ ಉಳಿದ ಕುಟುಂಬಕ್ಕೆ, ಅದು ಯಾವ ಜಾತಿ ಮತದ್ದಾಗಿರಲಿ, ಎರಡು ಹೊತ್ತಿನ ಊಟ ತಲುಪಬೇಕು. ಅವರ ಹೆಸರು ಬಯಲಾಗಬಾರದು. ಬಸದಿ ಮುಚ್ಚಿದ ದಿನಗಳಲ್ಲಿ ಪುರೋಹಿತರ, ಕಸ ಗುಡಿಸುವವರ ಸಂಬಳ ನಿಲ್ಲಬಾರದು. ಲಸಿಕೆಗೆ ಮನಸ್ಸೊಪ್ಪದವರನ್ನು ಅವಮಾನಿಸಬಾರದು; ಅವರೂ ರೋಗ ಇಳಿಯುವವರೆಗೆ ಸಾಮೂಹಿಕ ಪೂಜೆಯಿಂದ ದೂರವಿರುವ ನಿಯಮವನ್ನು ತಾವಾಗಿ ಸ್ವೀಕರಿಸಬೇಕು. ನಿಯಮದಿಂದ ಹಾನಿಯಾಯಿತು ಎನ್ನುವವರ ಮಾತನ್ನು ಕೇಳಲು ಒಬ್ಬರನ್ನು ಮೊದಲೇ ಗೊತ್ತುಮಾಡಿರಬೇಕು.

ಇವೆಲ್ಲ ದೊಡ್ಡ ವೆಚ್ಚದ ಕೆಲಸಗಳಲ್ಲ. ಒಂದು ಸಭೆ, ಠರಾವು ಪುಸ್ತಕದಲ್ಲಿ ಒಂದು ಪುಟ, ಕಷ್ಟಕಾಲಕ್ಕೆಂದು ತೆಗೆದಿಟ್ಟ ಒಂದಿಷ್ಟು ಹಣ ಸಾಕು. ರೋಗ ಬಂದ ಮೇಲೆ ಬರೆದ ನಿಯಮದಲ್ಲಿ ಭಯದ ಕೈಬರಹವಿರುತ್ತದೆ. ಊರು ಆರೋಗ್ಯವಾಗಿರುವಾಗ, ಎರಡೂ ಬದಿಗಳನ್ನು ನೋಡಿ ಬರೆದುಕೊಂಡ ಪುಟವೇ ಕಷ್ಟಕಾಲದಲ್ಲಿ ಓದಲು ಯೋಗ್ಯವಾದುದು.